ಸಂಘವೂ ಸಿಬ್ಬಂದಿಯೂ: ನಾವು ಕಲಿತ ಒಂದು ಪಾಠ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಂಥ ಸಮಾರಂಭದಲ್ಲಿ ಸಂಘದ ಏಳಿಗೆಯ ಬಗ್ಗೆ ಮಾತಾಡುವುದು ವಾಡಿಕೆ. 2000ನೇ ಇಸವಿಯಲ್ಲಿ ಬಾಡಿಗೆ ಜಗಲಿಯ ಮೇಲೆ ಒಂದು ಮೇಜು, ಎರಡು ಕ್ಯಾನು ಇಟ್ಟುಕೊಂಡು ಶುರುವಾದ ಸಂಘಕ್ಕೆ ಇವತ್ತು ಸ್ವಂತ ಕಟ್ಟಡವಿದೆ. ಅದನ್ನೆಲ್ಲ ಅಧ್ಯಕ್ಷರು ಚೆನ್ನಾಗಿ ಹೇಳಿದ್ದಾರೆ. ಕಾರ್ಯದರ್ಶಿಗಳು ನಮಗೆ ‘ಸಂಘ ಮತ್ತು ಸಿಬ್ಬಂದಿ’ ಎಂಬ ವಿಷಯ ಕೊಟ್ಟಿದ್ದಾರೆ. ನಾವು ಓದಿರುವುದು ಎಸ್ಸೆಸ್ಸೆಲ್ಸಿ. ಪುಸ್ತಕ ನೋಡಿ ಭಾಷಣ ಮಾಡುವ ಶಕ್ತಿ ನಮಗಿಲ್ಲ. ಆದ್ದರಿಂದ ವಾರ್ಷಿಕ ವರದಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದ ಒಂದು ವಿಚಾರವನ್ನು ಬಿಡಿಸಿ ಹೇಳುತ್ತೇವೆ. ‘ನ್ಯಾಯಾಲಯದ ಆದೇಶದಂತೆ ಸಿಬ್ಬಂದಿಯವರಿಗೆ ಹಿಂಬಾಕಿ ಪಾವತಿ’ ಎಂಬುದೇ ಆ ಸಾಲು. ಅದರ ಹಿಂದೆ ಆರೂವರೆ ವರ್ಷದ ಕಥೆ ಇದೆ. ಆ ಕಥೆಯಲ್ಲಿ ತಪ್ಪು ಮಾಡಿದವರು ನಾವೇ.

ಯಾರ ವಿಷಯ ಎಂಬುದು ಊರಿಗೆಲ್ಲ ಗೊತ್ತು. ಆದರೂ ಹೆಸರು ಹೇಳುವುದಿಲ್ಲ. ಹೇಳಲೇಬೇಡಿ ಅಂತ ಅವರೇ ಅಂದಿದ್ದಾರೆ. ನಮ್ಮ ಹಾಲು ಪರೀಕ್ಷಕರು ಅಂತ ಅಂದರೆ ಸಾಕು. ಮೊದಲ ದಿನದಿಂದ ಇದ್ದವರು. ಬೆಳಗಿನ ಜಾವ ಐದೂವರೆಗೆ ಬಂದು ಬೀಗ ತೆಗೆದು, ಸ್ಯಾಂಪಲ್ ಬಾಟಲಿ ತೊಳೆದು, ಲ್ಯಾಕ್ಟೋಮೀಟರ್ ಒರೆಸಿ ಇಟ್ಟುಕೊಳ್ಳೋರು. ಆಗ ಗರ್ಬರ್ ಪರೀಕ್ಷೆ ಇತ್ತು. ಬ್ಯುಟಿರೋಮೀಟರಿಗೆ ಹತ್ತು ಎಂ.ಎಲ್. ಆಸಿಡ್, 10.75 ಎಂ.ಎಲ್. ಹಾಲು, ಒಂದು ಎಂ.ಎಲ್. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಯಂತ್ರದಲ್ಲಿ ತಿರುಗಿಸಿ ಫ್ಯಾಟ್ ಓದಬೇಕು. ಆಸಿಡ್ ಸಿಡಿದು ಅವರ ಅಂಗಿಯಲ್ಲಿ ತೂತಿಲ್ಲದ ಜಾಗವೇ ಇರಲಿಲ್ಲ. ಆಮೇಲೆ ಕರೆಂಟಿನ ಮಿಲ್ಕೋ ಟೆಸ್ಟರ್ ಬಂತು. ಕೆಲಸ ಹಗುರಾಯಿತು. ನಮ್ಮ ಕಷ್ಟ ಶುರುವಾಗಿದ್ದೂ ಅದೇ ಯಂತ್ರದಿಂದ.

2009ರ ಏಪ್ರಿಲ್ ತಿಂಗಳಿಂದ ಫ್ಯಾಟಿನಲ್ಲಿ ವ್ಯತ್ಯಾಸ ಬರೋಕೆ ಶುರುವಾಯಿತು. ಇಲ್ಲಿ ನಾವು ಸದಸ್ಯರಿಗೆ ಬರೆದುಕೊಟ್ಟ ಫ್ಯಾಟು ಒಂದು, ಮುಖ್ಯ ಡೈರಿಯಲ್ಲಿ ನಮ್ಮ ಕ್ಯಾನಿಗೆ ಬಂದ ಫ್ಯಾಟು ಅದಕ್ಕಿಂತ ಮೂರು ನಾಲ್ಕು ಪಾಯಿಂಟು ಕಡಿಮೆ. ಸದಸ್ಯರಿಗೆ ಹೆಚ್ಚಿನ ಫ್ಯಾಟಿನ ದುಡ್ಡು ಕೊಡುವುದು, ಡೈರಿಯಿಂದ ಕಡಿಮೆ ಫ್ಯಾಟಿನ ದುಡ್ಡು ಪಡೆಯುವುದು. ಜುಲೈ ಕೊನೆಗೆ ಲೆಕ್ಕ ಹಾಕಿದರೆ 14,300 ರೂಪಾಯಿ ಖೋತಾ. ಸಣ್ಣ ಸಂಘಕ್ಕೆ ಅದು ಸಣ್ಣ ಮೊತ್ತವಲ್ಲ.

ಊರಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು ಬೇಕು? ಪರೀಕ್ಷಕರು ತಮ್ಮ ನೆಂಟರಿಷ್ಟರಿಗೆ ಫ್ಯಾಟ್ ಜಾಸ್ತಿ ಬರೀತಾರಂತೆ ಅಂತ ಒಬ್ಬರು ಅಂದರು. ‘ಅಂತೆ’ ಹೋಗಿ ‘ಹೌದು’ ಆಗುವುದಕ್ಕೆ ಒಂದು ವಾರ ಸಾಕಾಯಿತು. ಜುಲೈ 31ರ ರಾತ್ರಿ ಒಂಬತ್ತು ಗಂಟೆಗೆ ಆಡಳಿತ ಮಂಡಳಿ ಸಭೆ ಸೇರಿತು. ಹನ್ನೊಂದು ಜನ ಇದ್ದೆವು. ನಾವು ಆಗ ಮೊದಲ ಸಲ ಆರಿಸಿ ಬಂದವರು, ವಯಸ್ಸು ಮೂವತ್ತರ ಆಸುಪಾಸು. ಒಬ್ಬ ಹಿರಿಯರು, ‘ಅವನನ್ನ ಕರೆಸಿ ಒಂದು ಮಾತು ಕೇಳೋಣವೇ?’ ಅಂದರು. ‘ಕಳ್ಳನ್ನ ಕೇಳಿದ್ರೆ ಕದ್ದೆ ಅಂತಾನಾ?’ ಅಂತ ಇನ್ನೊಬ್ಬರು ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಕೈ ಎತ್ತಿ ಅಂದಾಗ ಹನ್ನೊಂದು ಕೈ ಮೇಲೆ ಹೋದವು. ಪ್ರಶ್ನೆ ಕೇಳಿದ ಹಿರಿಯರ ಕೈಯೂ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಹಾಲು ಅಳೆಯುತ್ತಿದ್ದಾಗಲೇ, ಸದಸ್ಯರು ಸಾಲುಗಟ್ಟಿ ನಿಂತಿದ್ದಾಗಲೇ, ಅವರ ಕೈಗೆ ಚೀಟಿ ಕೊಟ್ಟೆವು. ಸಂಘಕ್ಕೆ ನಷ್ಟ ಉಂಟುಮಾಡಿದ ಕಾರಣ ಈ ದಿನದಿಂದಲೇ ಕೆಲಸದಿಂದ ತೆಗೆದುಹಾಕಲಾಗಿದೆ ಎಂಬ ಎರಡು ಸಾಲು. ಅವರು ಓದಿದರು. ಮೇಜಿನ ಮೇಲಿದ್ದ ಬಟ್ಟೆಗೆ ಕೈ ಒರೆಸಿಕೊಂಡರು. ‘ನನ್ನ ಒಂದ್ ಮಾತು ಕೇಳ್ಬಹುದಿತ್ತು’ ಅಂದರು. ಅಷ್ಟೇ. ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಸಂಜೆಗೆ ನಿರ್ದೇಶಕರೊಬ್ಬರ ತಂಗಿ ಮಗನನ್ನು ಆ ಜಾಗದಲ್ಲಿ ಕೂರಿಸಿದೆವು.

ಬಂಧುಗಳೇ, 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ನಾವು ಹೇಳಿಕೊಂಡು ಬಂದ ಮಾತು ಒಂದೇ: ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ. ಆ ‘ಎಲ್ಲರೂ’ ಅನ್ನುವುದರಲ್ಲಿ ಸಂಬಳಕ್ಕೆ ದುಡಿಯುವವನು ಸೇರುತ್ತಾನೋ ಇಲ್ಲವೋ ಅಂತ ನಾವು ಅವತ್ತು ಯೋಚನೆ ಮಾಡಲಿಲ್ಲ.

ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು. ಕಳ್ಳ ಹೋದ ಮೇಲೆ ಖೋತಾ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಹೊಸ ಹುಡುಗ ಬರೆದ ಫ್ಯಾಟಿಗೂ ಡೈರಿಯ ಫ್ಯಾಟಿಗೂ ಅದೇ ವ್ಯತ್ಯಾಸ. ಕೊನೆಗೆ ಡಿಸೆಂಬರಿನಲ್ಲಿ ಯಂತ್ರ ರಿಪೇರಿಯವರನ್ನು ಕರೆಸಿದೆವು. ಮಿಲ್ಕೋ ಟೆಸ್ಟರ್ ತೋರಿಸುವ ಅಂಕಿಯನ್ನು ಆಗಾಗ ಗರ್ಬರ್ ಪರೀಕ್ಷೆಯ ಜೊತೆ ತಾಳೆ ನೋಡಿ ಸರಿ ಮಾಡಿಸಬೇಕು. ನಮ್ಮ ಯಂತ್ರಕ್ಕೆ ಬಹಳ ದಿನದಿಂದ ಅದನ್ನು ಮಾಡಿಸಿರಲಿಲ್ಲ. ಯಂತ್ರವೇ ಮೂರೂವರೆ ಪಾಯಿಂಟು ಜಾಸ್ತಿ ತೋರಿಸುತ್ತಿತ್ತು. ಸರಿ ಮಾಡಿದ್ದಕ್ಕೆ ಅವರು ತೆಗೆದುಕೊಂಡದ್ದು 600 ರೂಪಾಯಿ.

ಅವತ್ತೇ ಅವರ ಮನೆಗೆ ಹೋಗಿ, ‘ತಪ್ಪಾಯ್ತು ಅಣ್ಣ, ಬಾ’ ಅನ್ನಬೇಕಿತ್ತು. ನಮ್ಮ ಮನೆಗೂ ಅವರ ಮನೆಗೂ ಇರುವುದು ಎರಡು ಬೀದಿ. ಹೋಗಲಿಲ್ಲ. ಯಾಕೆ ಅಂದರೆ ಅಷ್ಟರಲ್ಲಿ ಅವರು ಅಕ್ಟೋಬರಿನಲ್ಲೇ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಹತ್ತಿರ ದಾವೆ ಹಾಕಿದ್ದರು. ‘ಸಂಘವನ್ನೇ ಕೋರ್ಟಿಗೆ ಎಳೆದನಲ್ಲ’ ಅಂತ ನಮಗೆ ಸಿಟ್ಟು. ನಮ್ಮ ಹತ್ತಿರ ಬಾಗಿಲು ಮುಚ್ಚಿದ್ದಕ್ಕೆ ಅವರು ಅಲ್ಲಿಗೆ ಹೋದರು ಎಂಬುದು ತಲೆಗೆ ಹೋಗಲಿಲ್ಲ.

ಇಲ್ಲಿ ಒಂದು ಮಾತು ತಿಳಿಸಬೇಕು. ಸಹಕಾರ ಸಂಘಕ್ಕೂ ಅದರ ನೌಕರನಿಗೂ ಕೆಲಸದ ವಿಚಾರದಲ್ಲಿ ವ್ಯಾಜ್ಯ ಬಂದರೆ ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತದೆ. ಮೊದಲು ಇಂಥ ನೌಕರರು ಲೇಬರ್ ಕೋರ್ಟಿಗೂ ಹೋಗುತ್ತಿದ್ದರು. 2000ದ ಜೂನ್ 20ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಆ ದಾರಿ ಮುಚ್ಚಿತು. ಬಿಜಾಪುರ ಹಾಲು ಒಕ್ಕೂಟದ ನೌಕರರೊಬ್ಬರ ಮೊಕದ್ದಮೆಯಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ನಮ್ಮ ಜನ ಸಹಾಯಕ ನಿಬಂಧಕರ ಮುಂದಿನ ವಿಚಾರಣೆಗೆ ‘ಎ.ಆರ್. ಕೋರ್ಟು’ ಅಂತಾರೆ. ಹೆಸರಿಗೆ ಕಚೇರಿ, ಆದರೆ ಅಲ್ಲಿಯ ಆದೇಶಕ್ಕೆ ಸಂಘ ತಲೆ ಬಾಗಲೇಬೇಕು.

ಎ.ಆರ್. ಕೋರ್ಟಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ನಾವು, ಅಧ್ಯಕ್ಷರು, ಕಾರ್ಯದರ್ಶಿ ಒಂದು ಬಸ್ಸಿನಲ್ಲಿ, ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅವರು. ಮುಖಕ್ಕೆ ಮುಖ ಕೊಟ್ಟು ಮಾತಿಲ್ಲ. ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಆದರೆ ಸಾಹೇಬರು ನಮ್ಮ ವಕೀಲರನ್ನು ಕೇಳಿದ್ದು ಮೂರೇ ಪ್ರಶ್ನೆ. ಆರೋಪ ಇಂಥದ್ದು ಅಂತ ಬರೆದು ನೋಟೀಸು ಕೊಟ್ಟಿದ್ದೀರಾ? ಅವರ ಉತ್ತರ ಪಡೆದಿದ್ದೀರಾ? ವಿಚಾರಣೆ ನಡೆಸಿದ್ದೀರಾ? ಮೂರಕ್ಕೂ ನಮ್ಮ ಹತ್ತಿರ ಇದ್ದದ್ದು ಒಂದೇ ಕಾಗದ, ಆ ರಾತ್ರಿಯ ಠರಾವು.

ನಾವು ಅಂದುಕೊಂಡಿದ್ದು, ಖೋತಾ ಆಗಿರುವುದಕ್ಕೆ ಲೆಕ್ಕ ಇದೆ, ಅಂದಮೇಲೆ ತಪ್ಪು ರುಜುವಾತಾದ ಹಾಗೇ ಅಂತ. ಸಾಹೇಬರು ಹೇಳಿದ್ದು, ನಷ್ಟ ಆಗಿದೆ ಎಂಬುದಕ್ಕೆ ಲೆಕ್ಕ ಇದೆ, ಇವರಿಂದ ಆಗಿದೆ ಎಂಬುದಕ್ಕೆ ಏನಿದೆ? ಎರಡೂ ಬೇರೆ ಬೇರೆ ಎಂಬುದು ನಮಗೆ ಅವತ್ತು ತಿಳಿಯಿತು.

ಇನ್ನೊಂದು ದಿನ ಅವರ ವಕೀಲರು ಸಂಘದ ಆವಕ ರಿಜಿಸ್ಟರ್ ತರಿಸಬೇಕು ಅಂತ ಅರ್ಜಿ ಕೊಟ್ಟರು. ತಂದು ಕೊಟ್ಟೆವು. 2009ರ ಮೇ ತಿಂಗಳ ಹಾಳೆಯಲ್ಲಿ ನಮ್ಮ ಕಾರ್ಯದರ್ಶಿಯ ಕೈಬರಹದಲ್ಲೇ ಒಂದು ನಮೂದು: ‘ಪರೀಕ್ಷಕರಿಂದ ಪತ್ರ: ಯಂತ್ರ ತಪ್ಪು ತೋರಿಸುತ್ತಿದೆ, ಸರ್ವೀಸ್ ಮಾಡಿಸುವ ಬಗ್ಗೆ.’ ಪತ್ರ ಫೈಲಿನಲ್ಲೇ ಇತ್ತು. ಯಾರೂ ಓದಿರಲಿಲ್ಲ. ನಾವು ಅವರನ್ನ ಕೇಳಲಿಲ್ಲ ಅನ್ನುವುದು ಒಂದು ಕಡೆ ಇರಲಿ, ಅವರು ತಾವಾಗಿ ಹೇಳಿದ್ದನ್ನೂ ನಾವು ಕೇಳಿರಲಿಲ್ಲ. ಆ ಹಾಳೆ ಮೇಜಿನ ಮೇಲೆ ಇದ್ದಾಗ ನಮಗೆ ತಲೆ ಎತ್ತಲಾಗಲಿಲ್ಲ.

2012ರ ಫೆಬ್ರವರಿ ಕೊನೆಗೆ ಆದೇಶವಾಯಿತು. ಕೆಲಸದಿಂದ ತೆಗೆದದ್ದು ಸಹಜ ನ್ಯಾಯಕ್ಕೆ ವಿರುದ್ಧ, ಸೇವೆ ಮುರಿಯಿತೆಂದು ಎಣಿಸದೆ ಪುನಃ ಕೆಲಸಕ್ಕೆ ತೆಗೆದುಕೊಳ್ಳಬೇಕು, ಅಲ್ಲಿಯವರೆಗಿನ ಸಂಬಳದಲ್ಲಿ ಅರ್ಧ ಕೊಡಬೇಕು, ಆದೇಶದ ದಿನದಿಂದ ಮುಂದಕ್ಕೆ ಪೂರ್ತಿ ಸಂಬಳ. ಸಂಘಕ್ಕೆ ಇನ್ನೂ ಅನುಮಾನವಿದ್ದರೆ ಕಾನೂನಿನ ಪ್ರಕಾರ ಹೊಸದಾಗಿ ವಿಚಾರಣೆ ಮಾಡಲು ಅಡ್ಡಿಯಿಲ್ಲ ಅಂತಲೂ ಬರೆದಿದ್ದರು. ಎಷ್ಟು ನ್ಯಾಯವಾದ ಆದೇಶ ನೋಡಿ. ಅವರು ದೇವರಂಥ ಮನುಷ್ಯ ಅಂತಲೂ ಹೇಳಲಿಲ್ಲ, ನಾವು ಪಾಪಿಗಳು ಅಂತಲೂ ಹೇಳಲಿಲ್ಲ. ಕೇಳಿ ತೀರ್ಮಾನ ಮಾಡಿ ಅಂತ ಹೇಳಿದರು, ಅಷ್ಟೇ.

ನಾವು ಏನು ಮಾಡಿದೆವು? ಮೇಲ್ಮನವಿ ಹೋದೆವು. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿರುವ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣದ ಮೆಟ್ಟಿಲು ಹತ್ತಿದೆವು. ಬೆಳಿಗ್ಗೆ ಹಾಲು ಕರೆದು, ಹಸುವಿಗೆ ಮೇವು ಹಾಕಿ ಹೋದರೆ ಬರುವುದು ರಾತ್ರಿ ಹನ್ನೊಂದಕ್ಕೆ. 2014ರಲ್ಲಿ ಅಲ್ಲೂ ಸೋತೆವು. ಅಲ್ಲಿಂದ ಎದುರಿಗಿರುವ ಹೈಕೋರ್ಟಿಗೆ ರಿಟ್ ಅರ್ಜಿ. 2016ರ ಜನವರಿಯಲ್ಲಿ ಅದೂ ವಜಾ ಆಯಿತು. ‘ವಿಚಾರಣೆಯನ್ನೇ ಮಾಡದೆ ತೆಗೆದಿದ್ದೀರಿ, ಇದರಲ್ಲಿ ವಾದ ಮಾಡಲು ಏನಿದೆ?’ ಎಂಬ ಅರ್ಥದ ಮಾತು ಮೂರು ಕಡೆಯೂ ಕೇಳಿಸಿಕೊಂಡೆವು.

ಈ ನಡುವೆ ಅವರ ಮನೆ ಹೇಗೆ ನಡೆಯಿತು? ಇದ್ದ ಎರಡು ಹಸುವಿನಲ್ಲಿ ಒಂದನ್ನು ಮಾರಿದರು. ತೆಂಗಿನ ತೋಟಗಳಲ್ಲಿ ಕೂಲಿಗೆ ಹೋದರು. ದೊಡ್ಡ ಮಗಳು ಪಿಯುಸಿ ಮೊದಲ ವರ್ಷಕ್ಕೇ ಬಿಟ್ಟು ಗಾರ್ಮೆಂಟ್ಸಿಗೆ ಹೋಯಿತು. ಊರ ಹಬ್ಬದ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಸ್ವಲ್ಪ ಸರಿದು ಕೂರೋರು. ‘ಡೈರಿ ದುಡ್ಡು ತಿಂದೋನು’ ಎಂಬ ಹೆಸರು. ಸಂಬಳ ಹೋದದ್ದಕ್ಕೆ ಕೋರ್ಟು ಲೆಕ್ಕ ಹಾಕಿತು. ಇದಕ್ಕೆ ಯಾವ ಕೋರ್ಟು ಲೆಕ್ಕ ಹಾಕುತ್ತದೆ?

ಆ ಕೂಲಿ ಕೆಲಸವನ್ನೇ ಹಿಡಿದು ನಮ್ಮ ವಕೀಲರು ವಾದ ಮಾಡಿದರು. ‘ಇವರಿಗೆ ಬೇರೆ ದುಡಿಮೆ ಇತ್ತು, ಹಿಂಬಾಕಿ ಕೊಡುವ ಹಾಗಿಲ್ಲ’ ಅಂತ. ನಾವೂ ತಲೆಯಾಡಿಸಿದ್ದೆವು. ಆಗ ಎದುರು ವಕೀಲರು 1984ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಓದಿದರು. ದೆಹಲಿ ಕಡೆಯ ಒಬ್ಬ ನೌಕರ, ಕೆಲಸದಿಂದ ತೆಗೆದ ಮೇಲೆ ಮಾವನ ಮನೆ ಸೇರಿ, ಮಾವನ ಇದ್ದಿಲು ಡಿಪೋದಲ್ಲಿ ಕೈಯಾಸರೆಯಾಗಿ ಇದ್ದುಕೊಂಡು ಹೊಟ್ಟೆ ಹೊರೆದಿದ್ದ. ಮಾಲೀಕರು ಅದನ್ನೇ ಸಂಪಾದನೆ ಅಂದರು. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಇದನ್ನೂ ಸಂಪಾದನೆ ಅಂದರೆ, ನಾಳೆ ಬದುಕಿಕೊಳ್ಳಲು ಭಿಕ್ಷೆ ಬೇಡಿದ್ದನ್ನೂ ಸಂಪಾದನೆ ಅನ್ನುತ್ತೀರಿ ಎಂಬ ಅರ್ಥದ ಮಾತು ಬರೆದಿದ್ದಾರೆ. ನಮ್ಮ ಮೇಲ್ಮನವಿ ಬಾಕಿ ಇದ್ದಾಗಲೇ, 2013ರಲ್ಲಿ, ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ ಹೇಳಿತು. ಕೆಲಸದಿಂದ ತೆಗೆದದ್ದು ತಪ್ಪು ಎಂದಾದರೆ ಪುನರ್ನೇಮಕದ ಜೊತೆ ಹಿಂಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ. ತನಗೆ ಬೇರೆ ಕೆಲಸವಿರಲಿಲ್ಲವೆಂದು ನೌಕರ ಹೇಳಿದ ಮೇಲೆ, ಇತ್ತು, ಅಷ್ಟೇ ಸಂಬಳವೂ ಬರುತ್ತಿತ್ತು ಎಂದು ರುಜುವಾತು ಮಾಡುವ ಭಾರ ಮಾಲೀಕನದು. ದಿನಾ ಸಿಗದ ಕೂಲಿಯನ್ನು ನಾವು ಯಾವ ಬಾಯಲ್ಲಿ ಸಂಬಳಕ್ಕೆ ಸಮ ಅನ್ನುವುದು?

ಈಗ ಲೆಕ್ಕ ಕೇಳಿ. ಅವರ ಸಂಬಳ ತಿಂಗಳಿಗೆ 1,800 ರೂಪಾಯಿ. 2009ರ ಆಗಸ್ಟಿನಿಂದ 2012ರ ಫೆಬ್ರವರಿವರೆಗೆ 31 ತಿಂಗಳು, ಅರ್ಧ ಸಂಬಳದಂತೆ 27,900 ರೂಪಾಯಿ. ಎ.ಆರ್. ಆದೇಶವನ್ನು ಅವತ್ತೇ ಒಪ್ಪಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಠ ಹಿಡಿದದ್ದಕ್ಕೆ 2012ರ ಮಾರ್ಚಿನಿಂದ 2016ರ ಜನವರಿವರೆಗೆ 47 ತಿಂಗಳ ಪೂರ್ತಿ ಸಂಬಳ, 84,600. ಎರಡೂ ಸೇರಿ 1,12,500. ವಕೀಲರ ಫೀಸು, ಬಸ್ ಚಾರ್ಜು, ಜೆರಾಕ್ಸು ಇತ್ಯಾದಿ 38,000. ಒಟ್ಟು ಒಂದೂವರೆ ಲಕ್ಷದ ಮೇಲೆ ಐನೂರು. ಅದೇ ಅವಧಿಯಲ್ಲಿ ಆ ಜಾಗದಲ್ಲಿ ಕೂತ ಹುಡುಗನಿಗೆ ಕೊಟ್ಟ ಸಂಬಳ ಬೇರೆ. ಖೋತಾ ಆಗಿದ್ದು 14,300. ಯಂತ್ರ ಸರಿ ಮಾಡಿಸಲು ಬೇಕಾಗಿದ್ದು 600.

ಆ ವರ್ಷ ಸದಸ್ಯರಿಗೆ ಬೋನಸ್ ಕೊಡಲಾಗಲಿಲ್ಲ. ಮಹಾಸಭೆಯಲ್ಲಿ ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, ‘ನಮ್ ಹಾಲಿನ್ ದುಡ್ಡಲ್ಲಿ ನಿಮ್ ಹಠ ಸಾಧಿಸಿದ್ರಾ?’ ಅಂದರು. ಯಾವ ಜಡ್ಜಿಗೂ ಹೆದರದೆ ಮೂರು ಕೋರ್ಟು ಸುತ್ತಿದ ನಾವು ಆ ತಾಯಿಗೆ ಉತ್ತರ ಕೊಡಲಾಗಲಿಲ್ಲ. ಆಡಳಿತ ನಡೆಸುವವರ ತಪ್ಪಿನಿಂದ ಸಂಘದ ಹಣ ಹಾಳಾದರೆ ಅದನ್ನು ಅವರಿಂದಲೇ ವಸೂಲು ಮಾಡಲು ಸಹಕಾರ ಕಾಯ್ದೆಯ 69ನೇ ಕಲಂನಲ್ಲಿ ದಾರಿ ಇದೆ. ನಮ್ಮ ಮೇಲೆ ಸದಸ್ಯರು ಆ ದಾರಿ ಹಿಡಿಯಲಿಲ್ಲ. ಅದು ಅವರ ದೊಡ್ಡತನ.

2016ರ ಫೆಬ್ರವರಿ ಒಂದನೇ ತಾರೀಖು ಬೆಳಿಗ್ಗೆ ಐದೂವರೆಗೆ ಅವರು ಬಂದರು. ಹೊಸ ಅಧ್ಯಕ್ಷರು ಇದ್ದರು, ನಾವಿದ್ದೆವು. ಏನು ಮಾತಾಡಬೇಕೋ ತಿಳಿಯದೆ ಕಾಫಿ ತರಿಸಿದೆವು. ಅವರು ಕುಡಿದು ಲೋಟ ಇಟ್ಟು, ‘ಮಿಷನ್ ಸರ್ವೀಸ್ ಆಗಿದ್ಯಾ?’ ಅಂತ ಕೇಳಿದರು. ‘ಆಗಿದೆ ಅಣ್ಣ’ ಅಂದೆವು. ಬಾಟಲಿ ತೊಳೆಯಲು ಹೋದರು. ಆಮೇಲೆ ಒಂದು ದಿನವೂ ಹಳೆಯದನ್ನು ಎತ್ತಿ ಆಡಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ಯಾವ ವಿಷಯವನ್ನೂ ಬಾಯಲ್ಲಿ ಹೇಳುವುದಿಲ್ಲ, ಬರೆದು ಕೊಟ್ಟು, ಕಾರ್ಯದರ್ಶಿಯಿಂದ ಸಹಿ ಹಾಕಿಸಿಕೊಂಡು ಒಂದು ಪ್ರತಿ ಮನೆಗೆ ಒಯ್ಯುತ್ತಾರೆ. ಕೋರ್ಟು ಕೆಲಸ ವಾಪಸ್ ಕೊಡಿಸಬಲ್ಲದು. ನಂಬಿಕೆ ವಾಪಸ್ ಕೊಡಿಸಲಾರದು. ಅದನ್ನು ನಾವೇ ದಿನಾ ಸ್ವಲ್ಪ ಸ್ವಲ್ಪ ಗಳಿಸಿಕೊಳ್ಳಬೇಕು.

ಇದು ಹಳ್ಳಿಯ ಸಣ್ಣ ಸಂಘದ ಕಥೆ ಆಯಿತು. ದೊಡ್ಡ ಕಂಪನಿಗಳೂ ಇದೇ ಹಳ್ಳಕ್ಕೆ ಬಿದ್ದಿವೆ. ನಮ್ಮ ರಾಜ್ಯದ ಕೆ.ಜಿ.ಎಫ್.ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಒಬ್ಬ ಭದ್ರತಾ ಅಧಿಕಾರಿಯ ಪ್ರಕರಣ ಕಾನೂನು ಓದಿದವರಿಗೆಲ್ಲ ಗೊತ್ತು. 1985ರಲ್ಲಿ ಪೊಲೀಸರು ಅವರ ಮನೆಯಲ್ಲಿ ಸಣ್ಣ ಚಿನ್ನದ ಉಂಡೆ, ಚಿನ್ನದ ಅಂಶವಿರುವ ಮರಳು ಸಿಕ್ಕಿತೆಂದರು. ಕಂಪನಿ ಅಮಾನತು ಮಾಡಿತು. ಅಮಾನತಿನಲ್ಲಿರುವವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆ ಕೊಡಲಿಲ್ಲ. ಅವರು ಕೇರಳದ ತಮ್ಮ ಊರಿನಲ್ಲಿದ್ದರು. ಕೈಯಲ್ಲಿ ಕಾಸಿಲ್ಲದೆ ವಿಚಾರಣೆಗೆ ಬರಲಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟು ಅವರನ್ನು ಖುಲಾಸೆ ಮಾಡಿತು. ಆದರೂ ಕಂಪನಿ ಕೆಲಸ ಕೊಡಲಿಲ್ಲ. ಕೊನೆಗೆ 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಪುನಃ ಕೆಲಸಕ್ಕೆ ತೆಗೆದುಕೊಳ್ಳಿ, ಸಂಬಳದ ಬಾಕಿ ಪೂರ್ತಿ ಕೊಡಿ ಅಂತ ಆದೇಶ ಮಾಡಿತು. ಹದಿಮೂರು ವರ್ಷ! ಎರಡು ವರ್ಷ ಕಳೆಯುವಷ್ಟರಲ್ಲಿ, 2001ರಲ್ಲಿ, ಗಣಿಯೇ ಮುಚ್ಚಿತು. ನಮ್ಮವರು ಮಾಡಿದ್ದು ವಿಚಾರಣೆಯೇ ಇಲ್ಲದ ತಪ್ಪು. ಅಲ್ಲಿ ಆಗಿದ್ದು, ಊಟಕ್ಕೆ ಇಲ್ಲದಂತೆ ಮಾಡಿ ‘ಬಾ ವಿಚಾರಣೆಗೆ’ ಅಂದ ತಪ್ಪು. ಎರಡಕ್ಕೂ ಹೆಸರು ಒಂದೇ, ಕೇಳದೆ ಕಳಿಸುವುದು.

ಕೆಲವರು ಕೇಳಬಹುದು: ಹಾಗಾದರೆ ಸಿಬ್ಬಂದಿ ನಿಜವಾಗಿ ಕದ್ದರೂ ಸುಮ್ಮನಿರಬೇಕಾ? ಖಂಡಿತ ಬೇಡ. ಹಾಲಿಗೆ ನೀರು ಬೆರೆಸುವವರನ್ನೋ ಹಣ ನುಂಗುವವರನ್ನೋ ಇಟ್ಟುಕೊಂಡರೆ ಸಂಘ ಉಳಿಯುವುದಿಲ್ಲ. ತೆಗೆಯಲು ಕಾನೂನು ಬೇಡ ಅನ್ನುವುದಿಲ್ಲ, ದಾರಿ ಹಿಡಿದು ತೆಗೆಯಿರಿ ಅನ್ನುತ್ತದೆ. ಸುತ್ತಮುತ್ತಲ ಸಂಘಗಳ ನಿರ್ದೇಶಕರು ಇವತ್ತು ಬಂದಿದ್ದಾರೆ, ಅವರಿಗಾಗಿ ಆ ದಾರಿಯನ್ನು ನಮಗೆ ತಿಳಿದಷ್ಟು ಹೇಳುತ್ತೇವೆ.

ಒಂದು, ಅನುಮಾನ ಬಂದ ದಿನ ಮೊದಲು ಯಂತ್ರ, ತಕ್ಕಡಿ, ಲೆಕ್ಕ ನೋಡಿ, ಆಮೇಲೆ ಮನುಷ್ಯನನ್ನು ನೋಡಿ. ಎರಡು, ಏನು ಆರೋಪ, ಯಾವ ತಾರೀಖು, ಎಷ್ಟು ಮೊತ್ತ ಎಂದು ಬಿಡಿಸಿ ಬರೆದು ಕಾರಣ ಕೇಳಿ ನೋಟೀಸು ಕೊಡಿ, ಉತ್ತರಕ್ಕೆ ಸಾಕಷ್ಟು ದಿನ ಕೊಡಿ. ಮೂರು, ಅವರು ಕೆಲಸದಲ್ಲಿದ್ದರೆ ದಾಖಲೆ ತಿದ್ದುತ್ತಾರೆ ಎಂಬ ಭಯವಿದ್ದರೆ ಅಮಾನತು ಮಾಡಿ, ಆದರೆ ಜೀವನಾಧಾರ ಭತ್ಯೆ ತಪ್ಪಿಸಬೇಡಿ. ನಾಲ್ಕು, ಉತ್ತರ ಒಪ್ಪಿಗೆಯಾಗದಿದ್ದರೆ ಆ ಜಗಳದಲ್ಲಿ ಭಾಗಿಯಲ್ಲದ ಒಬ್ಬರನ್ನು ವಿಚಾರಣಾಧಿಕಾರಿಯಾಗಿ ನೇಮಿಸಿ. ದೂರು ಹೇಳಿದವರೇ ತೀರ್ಪು ಹೇಳಬಾರದು. ಸಾಕ್ಷಿಗಳನ್ನು ಪ್ರಶ್ನೆ ಮಾಡಲು ನೌಕರರಿಗೂ ಅವಕಾಶವಿರಲಿ. ಐದು, ವರದಿಯ ಪ್ರತಿಯನ್ನು ಅವರಿಗೆ ಕೊಟ್ಟು, ಅವರ ಮಾತು ಕೇಳಿ, ತಪ್ಪಿಗೆ ತಕ್ಕ ಶಿಕ್ಷೆಯನ್ನು ಕಾರಣ ಸಮೇತ ಠರಾವಿನಲ್ಲಿ ಬರೆಯಿರಿ. ಎಲ್ಲ ತಪ್ಪಿಗೂ ವಜಾ ಒಂದೇ ಶಿಕ್ಷೆಯಲ್ಲ. ಇಷ್ಟು ಮಾಡಲು ಎರಡು ಮೂರು ತಿಂಗಳು ಬೇಕು. ನಾವು ಒಂದು ರಾತ್ರಿಯಲ್ಲಿ ಮುಗಿಸಲು ಹೋಗಿ ಆರೂವರೆ ವರ್ಷ ತೆಗೆದುಕೊಂಡೆವು.

ನಮ್ಮ ಸದಸ್ಯರ ಮಕ್ಕಳು ಎಷ್ಟೋ ಜನ ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಸಂಬಂಧಿಸಿದ ಕಾನೂನು ಬೇರೆ. ಬಹಳ ಕಾಲ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇತ್ತು, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾಗಬಹುದು, ‘ಕೇಳದೆ ಶಿಕ್ಷೆ ಕೊಡಬೇಡ’ ಎಂಬ ಮಾತು ಬದಲಾಗುವುದಿಲ್ಲ. ನಮ್ಮ ಹುಡುಗನನ್ನೋ ಹುಡುಗಿಯನ್ನೋ ಕಾರ್ಖಾನೆಯವರು ಕಾರಣ ಹೇಳದೆ ಗೇಟಿನಿಂದ ವಾಪಸ್ ಕಳಿಸಿದರೆ ನಾವು ಅನ್ಯಾಯ ಅಂತ ಕೂಗುತ್ತೇವೆ. ಡೈರಿಯವರು ನಮ್ಮ ಕ್ಯಾನನ್ನು ಕಾರಣ ಹೇಳದೆ ತಿರಸ್ಕರಿಸಿದರೆ ರಸ್ತೆಗೆ ಇಳಿಯುತ್ತೇವೆ. ನಾವೇ ಮಾಲೀಕರಾದಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ. ಸಂಘ ಕಟ್ಟಿದ್ದು ನಾವು ದೊರೆಗಳಾಗಲಿಕ್ಕೆ ಅಲ್ಲ.

ಆ ಆಡಳಿತ ಮಂಡಳಿಯ ಹನ್ನೊಂದು ಜನರಲ್ಲಿ ನಾಲ್ಕು ಜನ ಈಗ ನಮ್ಮೊಂದಿಗಿಲ್ಲ. ಅವರ ಪರವಾಗಿಯೂ ಉಳಿದವರ ಪರವಾಗಿಯೂ ನಾವು ಈ ವೇದಿಕೆಯಿಂದ ನಮ್ಮ ಪರೀಕ್ಷಕರ ಕ್ಷಮೆ ಕೇಳುತ್ತೇವೆ. ಅವತ್ತು ಚೀಟಿ ಕೊಟ್ಟದ್ದು ಎಲ್ಲರ ಮುಂದೆ. ಆದ್ದರಿಂದ ಕ್ಷಮೆ ಕೇಳುವುದೂ ಎಲ್ಲರ ಮುಂದೆಯೇ ಆಗಬೇಕು. ಇದನ್ನು ಹತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು.

ಇವತ್ತು ಬೆಳಿಗ್ಗೆಯೂ ನಮ್ಮ ಹಾಲನ್ನು ಅವರೇ ನೋಡಿದರು. 3.4 ಫ್ಯಾಟ್ ಬರೆದರು. ಹಬ್ಬದ ದಿನ 3.5 ಮಾಡಬಹುದಿತ್ತಲ್ಲ ಅಂತ ಮನಸ್ಸಿಗೆ ಬಂತು, ಆದರೆ ಬಾಯಿ ಬಿಡಲಿಲ್ಲ. ಇಂಥವರು ಇರುವುದರಿಂದಲೇ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ.

 

ಜೈ ಸಹಕಾರ. ಜೈ ಕರ್ನಾಟಕ.